ನನ್ನ ಕೈಯಡುಗೆ ಉಂಡ ಇಟಲಿಯ ಆಟಗಾರರು

ಇಟಲಿಯ ಆ ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಮಹಾಮಹಾ ಆಟಗಾರರೆಲ್ಲ ನನ್ನ ಕೈಯಡುಗೆ ಉಂಡು ದೊಡ್ಡವರಾದವರು. ಸಾಕ್ಷಿ ಬೇಕೇ? ಆಗ ನಾನು ಹಡಗಿನ ಅಡಿಗೆಯವನು, ಅಡುಗೆಮನೆಯಲ್ಲಿ ನನ್ನ ಜೊತೆಗಿದ್ದವರು ಇಬ್ಬರು. ಒಬ್ಬ ತೀರಿಕೊಂಡ. ಇನ್ನೊಬ್ಬನಿಗೆ ಈಗ ಹೆಂಡತಿಯ ಗುರುತೇ ಹತ್ತುವುದಿಲ್ಲ, ನನ್ನ ಸಾರಿನ ನೆನಪು ಎಲ್ಲಿಂದ ಬರಬೇಕು? ಹಾಗಾಗಿ ನಾನು ಹೇಳಿದ್ದೇ ಸರಿ. ನನ್ನ ಹಣೆಯಲ್ಲಿ ಬರೆದದ್ದೇ ಇಷ್ಟು ಮಾರಾಯ್ರೆ, ಎಲ್ಲಿ ಹೋದರೂ ತಲೆ ತಿನ್ನುವ ಜನವೇ ಗಂಟು ಬೀಳುತ್ತಾರೆ. ಅಂದೂ ಅಷ್ಟೆ, ಇಂದೂ ಅಷ್ಟೆ.

ಇಂದಿನ ತಲೆನೋವು ಕೇಳಿ. ಈಗ ನಾನು ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಎಂಜಿನಿಯರಾಗಿರುವ ನಮ್ಮ ಕನ್ನಡದ ಹುಡುಗರು ಒಂದು ಟೀಮ್ ಕಟ್ಟಿದ್ದಾರೆ. ಮುಂದಿನ ಶನಿವಾರ ಟಿಲ್‌ಬರ್ಗ್‌ನ ಸ್ಟೂಡೆಂಟುಗಳ ಮೇಲೆ ಮ್ಯಾಚು. ಕೋಚ್ ಯಾರು? ಒಂದು ಕಡೆ ನಾನು. ಇನ್ನೊಂದು ಕಡೆ ನನ್ನ ಅಳಿಯ, ಲ್ಯಾಪ್‌ಟಾಪಿನಲ್ಲಿ ಬಾಣದ ಗುರುತು ಬಿಡಿಸಿಕೊಂಡು ಬಂದವನು.

ಹಿರಿಯರಿಗೆ ಮುಖದ ಮೇಲೆ ಇಲ್ಲ ಅನ್ನುವ ಹುಡುಗರಲ್ಲ ಇವರು. "ಅಂಕಲ್, ನೀವು ನಮ್ಮ ಗೌರವ ಕೋಚ್ ಆಗ್ಬಿಡಿ" ಎಂದರು.

ನಮ್ಮ ಸಂಘಗಳ ಈ ಗೌರವದ ಮರ್ಮ ನನಗೆ ಗೊತ್ತಿಲ್ಲವೇ? ಶಾಲು ಹೊದಿಸಿ, ಕುರ್ಚಿ ಕೊಟ್ಟು, ಬಾಯಿ ಮುಚ್ಚಿಸುವುದು. ನನಗೆ ಬೇಕಾದದ್ದು ಕೋಚಿನ ಸೀಟಿ. ಪ್ರಾಕ್ಟೀಸಿಗೆ ಬಂದವನೇ ಅದನ್ನು ಟೀಮಿನ ಚೀಲದಿಂದ ತೆಗೆದು ಕೊರಳಿಗೆ ಹಾಕಿಕೊಂಡುಬಿಟ್ಟಿದ್ದೆ. ಹಿರಿಯರ ಕೊರಳಿಗೆ ಕೈ ಹಾಕಲು ನಮ್ಮವರು ಹಿಂದೆಮುಂದೆ ನೋಡುತ್ತಾರಲ್ಲ, ಆ ಧೈರ್ಯ.

"ಅಂಕಲ್, ಫುಟ್‌ಬಾಲಲ್ಲಿ ನಿಮ್ಗೆ ಎಕ್ಸ್‌ಪೀರಿಯೆನ್ಸ್ ಏನಿದೆ?" ಎಂದು ಕ್ಯಾಪ್ಟನ್ ಮೆತ್ತಗೆ ಕೇಳಿದ.

ಕೇಳಬಾರದಿತ್ತು. ಶುರು ಮಾಡಿದೆ.

ಗೋಲ್‌ಕೀಪರ್

ನಮ್ಮ ಹಡಗು ಆ ಕ್ಲಬ್ಬಿನ ಊರಿನ ಬಂದರಲ್ಲಿ ರಿಪೇರಿಗೆ ನಿಂತಾಗ ಕ್ಲಬ್ಬಿನವರು ನನ್ನನ್ನು ಅಡುಗೆಗೆ ಕರೆದರು. ಅವರ ಗೋಲ್‌ಕೀಪರ್ ಅಂದರೆ ಇಟಲಿಗೇ ದೇವರು. ನನ್ನ ಪಾಲಿಗೆ ಪೀಡೆ. ಏನು ಹಾರಿದರೂ ಹಿಡಿಯುವುದು ಅವನ ಚಟ. ದೋಸೆ ಮಗುಚಿದರೆ ಹಿಡಿದ. ನಿಂಬೆಹಣ್ಣು ಜಾರಿದರೆ ನೆಲಕ್ಕೆ ಅಡ್ಡಬಿದ್ದು ಹಿಡಿದ. "ಅಡುಗೆಮನೆಯಿಂದ ಆಚೆ ನಡಿಯಪ್ಪಾ" ಎಂದು ಕೈ ಮುಗಿದರೆ ಹಲ್ಲು ಕಿರಿಯುತ್ತಿದ್ದ. ಒಂದು ದಿನ ಸಾರಿಗೆ ಒಗ್ಗರಣೆ ಇಟ್ಟೆ. ಚಟಪಟ ಸಿಡಿದ ಸಾಸಿವೆಯನ್ನು ಒಂದು ಕಾಳು ಬಿಡದೆ ಹಿಡಿದುಬಿಟ್ಟ. ಅವತ್ತು ಟೀಮಿಡೀ ಬೋಳು ಸಾರು ಉಂಡಿತು.

ಧಾರವಾಡದ ಹುಡುಗ, ನಮ್ಮ ಟೀಮಿನ ಕೀಪರ್, ಕಣ್ಣರಳಿಸಿದ. "ಅಜ್ಜಾರ, ಕೈ ಸುಡಲಿಲ್ಲೇನ್ರೀ ಅವಗ?"

"ಗ್ಲೌಸ್ ಯಾತಕ್ಕೆ ಹಾಕ್ಕೊಳ್ತೀ ಮಾರಾಯ ನೀನು? ಚಳಿಗಾ?"

ಡಿಫೆಂಡರ್

ಅಳಿಯ ಲ್ಯಾಪ್‌ಟಾಪ್ ತೆರೆದು, "ಮಾವ, ಈಗ ಮಾರ್ಕಿಂಗ್ ಬಗ್ಗೆ ನಾನೊಂದು ಹತ್ತು ನಿಮಿಷ..." ಎಂದು ಬಾಯಿ ಹಾಕಿದ. ಮಳೆ ಹನಿಯಿತು. ಮುಚ್ಚಿಕೊಂಡ. ಲ್ಯಾಪ್‌ಟಾಪನ್ನು.

ಮಾರ್ಕಿಂಗ್ ಎಂದರೆ ಏನೆಂದು ನನಗೆ ಕಲಿಸುತ್ತಾನೆ ಇವನು! ಆ ಕ್ಲಬ್ಬಿನ ಡಿಫೆಂಡರ್ ಒಬ್ಬನಿದ್ದ. ಎದುರಾಳಿಗೆ ಅಂಟಿಕೊಂಡರೆ ಕುತ್ತಿಗೆಯ ಮೇಲೆ ಅವನ ಉಸಿರೇ. ಮ್ಯಾಚಿಲ್ಲದ ದಿನ ಅಂಟಿಕೊಳ್ಳಲು ಯಾರೂ ಸಿಗದೆ ನನಗೆ ಅಂಟಿಕೊಂಡ. ತರಕಾರಿಗೆ ಹೋದರೆ ಹಿಂದೆ, ಬಚ್ಚಲಿಗೆ ಹೋದರೆ ಬಾಗಿಲಲ್ಲಿ. ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ನುಗ್ಗಿದರೂ ಒಲೆಯ ಹತ್ತಿರ ಬಿಡಲಿಲ್ಲ. ಬೈದೆ, ಬೇಡಿದೆ, ಕನ್ನಡದಲ್ಲಿ ಶಾಪ ಹಾಕಿದೆ. ಊಹೂಂ. ಕೊನೆಗೆ ಅವನ ಮೂಗಿನ ಕೆಳಗೇ ಬುಟ್ಟಿ ಈರುಳ್ಳಿ ಹೆಚ್ಚಿದೆ. ಬಳಬಳ ಅತ್ತ, ಆದರೆ ಜಾಗ ಬಿಡಲಿಲ್ಲ. ಹಾಗೇ ಕೆಂಪು ಕಣ್ಣಲ್ಲಿ ಮನೆಗೆ ಹೋದ. ಹಿಂದಿನ ದಿನ ಟೀಮು ಸೋತಿತ್ತು ನೋಡಿ, ಊರೆಲ್ಲ ಒಂದೇ ಮಾತು: "ಸೋತದ್ದಕ್ಕೆ ಪಾಪ ಎಷ್ಟು ಅತ್ತಿದ್ದಾನೆ! ಇಂಥವನಿಗೊಂದು ಪ್ರತಿಮೆ ನಿಲ್ಲಿಸಬೇಕು."

ನಿಲ್ಲಿಸಿದರು ಕೂಡ. ಈರುಳ್ಳಿ ಹೆಚ್ಚಿದವನಿಗೆ ಏನೂ ಇಲ್ಲ.

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಕಲ್ಲೇ ಇರ್ಲಿ ಬಿಡ್ರೋ, ಮಜಾ ಇರುತ್ತೆ" ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಅಳಿಯನ ಮುಖ ಸಪ್ಪಗಾಯಿತು. ಸೀಟಿಯನ್ನು ಶರ್ಟಿನ ಒಳಗೆ ಬಿಟ್ಟುಕೊಂಡೆ. ಹೊತ್ತು ಹೆಚ್ಚಿರಲಿಲ್ಲ. ಮುಂದಿನ ಪಾಳಿಯ ಡಚ್ಚರು ಆಗಲೇ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಗಡಿಯಾರ ನೋಡುತ್ತಿದ್ದರು. ಇಲ್ಲಿಗೇ ಬಾಯಿ ಮುಚ್ಚಿದ್ದರೆ ಕೆಲಸ ಆಗಿಹೋಗುತ್ತಿತ್ತು. ಆದರೆ ಎಲೆ ಹಾಕಿ, ಅನ್ನ ಬಡಿಸಿ, ಪಾಯಸ ಬಡಿಸದೆ ಏಳಿಸುವ ಅಡಿಗೆಯವನಲ್ಲ ನಾನು.

ಎಡಗಾಲಿನವನು

ಅವರಲ್ಲಿ ಒಬ್ಬ ಎಡಗಾಲಿನ ಆಟಗಾರ. ಚೆಂಡನ್ನು ಬಾಳೆಕಾಯಿಯ ಹಾಗೆ ಬಗ್ಗಿಸಿ ಒದೆಯುತ್ತಿದ್ದ. ಒಂದು ಮ್ಯಾಚಿನಲ್ಲಿ ಫ್ರೀಕಿಕ್ ಸಿಕ್ಕಿತು. ನಾನು ಹಡಗಿನ ಡೆಕ್ಕಿನ ಮೇಲೆ ಸಾರು ಕುದಿಸುತ್ತಿದ್ದೆ. ಇವನು ಒದ್ದ ಚೆಂಡು ಸ್ಟೇಡಿಯಮ್ ದಾಟಿತು. ಸಮುದ್ರದ ಮೇಲೆ ಬಂತು. ಹಡಗಿನ ಹೊಗೆಕೊಳವೆಗೆ ಒಂದು ಸುತ್ತು ಹಾಕಿತು. ನನ್ನ ಸಾರಿನಲ್ಲಿ ಒಂದು ಮುಳುಗು ಹಾಕಿ ಎದ್ದು, ಬಂದ ದಾರಿಯಲ್ಲೇ ವಾಪಸ್ ಹೋಗಿ ಗೋಲಿನೊಳಗೆ ಬಿತ್ತು! ರೆಫರಿಗೆ ನಂಬಿಕೆ ಬರಲಿಲ್ಲ. ನೆಟ್ಟಿಗೆ ಬೆರಳು ಒರೆಸಿ ನೆಕ್ಕಿದ. "ಗೋಲು ಸರಿ" ಎಂದ. "ಸಾರಿಗೆ ಉಪ್ಪು ಸಾಲದು" ಎಂದ. ಗೋಲು ಹೊಡೆದವನಿಗೆ ಹಾರ, ನನಗೆ ಬೈಗುಳ!

ಯಾರೂ ನಗಲಿಲ್ಲ. ಎಲ್ಲರೂ ಧಾರವಾಡದ ಹುಡುಗನ ಕಡೆ ನೋಡುತ್ತಿದ್ದರು. ಅವನು ತಲೆ ಕೆರೆದುಕೊಂಡ.

"ಅಜ್ಜಾರ, ಸಿಟ್ಟಿಗೇಳಬ್ಯಾಡ್ರಿ. ಹ್ವಾದ ತಿಂಗಳ ನಾ ಆ ಊರಿಗೆ ಹೋಗಿದ್ದೆ. ಸ್ಟೇಡಿಯಮ್ ನೋಡ್ಕೊಂಡ ಬಂದೀನಿ. ಅಲ್ಲಿ ಬರೇ ಗುಡ್ಡ ಅದಾವ. ಸಮುದ್ರ ಕಾಣಬೇಕಂದ್ರ ಟ್ರೇನ್ ಹತ್ತಿ ಹೋಗಬೇಕ್ರಿ. ನಿಮ್ಮ ಹಡಗ ಏನು ಡಾಂಬರ್ ರಸ್ತೆ ಮ್ಯಾಲ ಬಂದಿತ್ತೇನು?"

ಅಳಿಯ ನಗಲಿಲ್ಲ, ಅದು ಅವನ ದೊಡ್ಡತನ. ಸುಮ್ಮನೆ ಕೈ ಚಾಚಿದ. "ಕೊಡಿ ಮಾವ."

ಸೀಟಿ ಬಿಚ್ಚಿ ಕೊಟ್ಟೆ. ಹೆಗಲು ಕುಣಿಸಿದೆ.

"ಅಲ್ಲವೋ, ಇದೇ ದೇಶದ ಹೂಫ್‌ಡಾರ್ಪ್ ಅನ್ನೋ ಊರು ಒಂದು ಕಾಲಕ್ಕೆ ಪೂರಾ ನೀರಾಗಿತ್ತಂತೆ. ಡಚ್ಚರು ಪಂಪು ಹಚ್ಚಿ ಖಾಲಿ ಮಾಡಿ ಆಫೀಸು ಕಟ್ಟಿಲ್ವಾ? ನಾನು ಅಲ್ಲಿಂದ ಬಂದ ಮೇಲೆ ಇಟಲಿಯವರೇನು ಸುಮ್ಮನೆ ಕೂತಿರ್ತಾರಾ?"