ಇಪ್ಪತ್ತು ಲಕ್ಷ ಚುಕ್ಕೆಗಳೂ ನಮ್ಮ ಜೆಸ್ಸಿಕಾಳ ಓಟವೂ

ಹಳಿಯಾಳ ಪೇಟೆಯ ಟಿವಿ ಅಂಗಡಿಯ ಮಾಲೀಕರೂ ಚುಕ್ಕೆಶಾಸ್ತ್ರ ಪಾರಂಗತರೂ ಆದ ಶ್ರೀ ರೋಹಿತ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮ, ತಮ್ಮ ಅಂಗಡಿಯ ಗಾಜಿನ ಬಾಗಿಲು ಕ್ಷೇಮ, ಬಾಗಿಲಿನ ಹಿಂದೆ ಸಾಲಾಗಿ ನಿಂತ ಟಿವಿಗಳೆಲ್ಲ ಕ್ಷೇಮವೆಂದು ನಂಬಿ, ಹಳಿಯಾಳ ತಾಲೂಕಿನ ನಮ್ಮ ಸಿದ್ದಿ ಕೇರಿಯ ಮಹಿಳಾ ಸಂಘದ ಕಾರ್ಯದರ್ಶಿಯಾದ ಗಂಗೂ ಎಂಬ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಹಾಕಿ ಗುಟ್ಟಾಗಿ ಕಳಿಸಬಹುದಿತ್ತು, ಆದರೆ ತಾವು ನಮಗೆ ಮಾಡಿದ ಉಪಕಾರ ನಾಲ್ಕು ಜನರಿಗೆ ತಿಳಿಯದೆ ಹೋದರೆ ನಮಗೆ ಊಟ ಸೇರುವುದಿಲ್ಲ.

ನೆನಪಿದೆಯಲ್ಲವೇ? ದೀಪಾವಳಿ ಮುಗಿದ ವಾರ ನಾನೂ ನಮ್ಮ ನೆರೆಮನೆಯ ಪೂನಂಳೂ ತಮ್ಮ ಅಂಗಡಿಗೆ ಬಂದಿದ್ದೆವು. ಪೂನಂಳ ಮಗಳು ಜೆಸ್ಸಿಕಾ ಹನ್ನೆರಡನೇ ವಯಸ್ಸಿಗೇ ಧಾರವಾಡದ ಕ್ರೀಡಾ ಹಾಸ್ಟೆಲ್ ಸೇರಿದವಳು, ರಾಷ್ಟ್ರಮಟ್ಟದ ಕೂಟದಲ್ಲಿ ಕರ್ನಾಟಕದ ಪರವಾಗಿ ಸಾವಿರದ ಐನೂರು ಮೀಟರ್ ಓಡುವವಳಿದ್ದಳು, ಅದನ್ನು ಟಿವಿಯಲ್ಲಿ ತೋರಿಸುವವರಿದ್ದರು. ಆರು ವರ್ಷಗಳಲ್ಲಿ ಪೂನಂ ತನ್ನ ಮಗಳು ಓಡುವುದನ್ನು ಒಮ್ಮೆಯೂ ಕಂಡಿಲ್ಲ. ಓಟವಿದ್ದ ದಿನವೇ ಇವಳಿಗೆ ಭತ್ತದ ಕೊಯ್ಲೋ ಕಬ್ಬಿನ ಕಡಿತವೋ ಇದ್ದೇ ಇರುತ್ತಿತ್ತು. "ಗಂಗೂ, ಕಪ್ಪೂ ಪದಕಾನೂ ಎಲ್ಲಾ ಮನಿತನಕ ಬರ್ತಾವು, ಓಟ ಬರೂದಿಲ್ಲಲ್ಲ," ಎಂದು ಅವಳು ಅಂದ ಮೇಲೆಯೇ ನಮ್ಮ ಸಂಘ ಟಿವಿ ತರುವ ಠರಾವು ಮಾಡಿದ್ದು.

ನಾವು ಕೇಳಿದ್ದು ಒಂದು ಟಿವಿ. ತಾವು ಕೊಟ್ಟದ್ದು ಜ್ಞಾನ. "ಅಕ್ಕಾರ, ಟಿವಿ ಚಿತ್ರ ಅಂದ್ರ ಬರೇ ಚುಕ್ಕಿ, ಪಿಕ್ಸೆಲ್ ಅಂತಾರ; ಎಂಟು ಲಕ್ಷ ಚುಕ್ಕಿದ್ದು ತಗೊಂಡ್ರ ಬರೇ ಮುಖಾ ಕಾಣತೈತ್ರಿ. ಇಪ್ಪತ್ತು ಲಕ್ಷದ್ದು ತಗೋರಿ, ಹುಡುಗಿ ಹಣಿ ಮ್ಯಾಲಿನ ಬೆವರಿನ ಹನಿ ಎಣಿಸಬಹುದು. ಇದರಾಗ ಕಾಣಂಗಿಲ್ಲ ಅನ್ನೂದು ಏನೂ ಇಲ್ಲ," ಎಂದಿರಿ. ಮಗಳನ್ನು ಹಬ್ಬಕ್ಕೊಮ್ಮೆ ನೋಡುವ ತಾಯಿಯ ಮುಂದೆ ಬೆವರಿನ ಹನಿಯ ಮಾತೆತ್ತಿದ ಮೇಲೆ ಅವಳು ಎಂಟು ಲಕ್ಷ ಚುಕ್ಕೆಗೆ ಒಪ್ಪುತ್ತಾಳೆಯೇ? ವ್ಯಾಪಾರವೆಂದರೆ ಇದು, ಭಪ್ಪರೇ!

ಅಷ್ಟಕ್ಕೇ ನಿಲ್ಲಿಸದೆ ತಾವು ಪ್ಲಾಸ್ಮಾ ಎಂಬ ಜಾತಿಯ ಟಿವಿಯ ಮಹಿಮೆಯನ್ನೂ ಬೋಧಿಸಿದಿರಿ. "ಬ್ಯಾರೆ ಟಿವಿಯೊಳಗ ಕರೀದು ಬೂದಿ ಆಗತೈತ್ರಿ, ಪ್ಲಾಸ್ಮಾದಾಗ ಕರಿ ಅಂದ್ರ ಕರೀನ ನೋಡ್ರಿ," ಎಂದು ಹೇಳುತ್ತ ಹೇಳುತ್ತ ನಮ್ಮಿಬ್ಬರ ಮುಖ ನೋಡಿ ನಾಲಿಗೆ ಕಚ್ಚಿಕೊಂಡಿರಿ. ಪಾಪ, ಯಾಕೆ ಕಚ್ಚಿಕೊಂಡಿರಿ? ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುವವರನ್ನು ಕಂಡ ನಮಗೆ, ಕಪ್ಪು ಬಣ್ಣವನ್ನು ಕೆಡದಂತೆ ತೋರಿಸಲು ದೊಡ್ಡ ದೊಡ್ಡ ಎಂಜಿನಿಯರುಗಳು ತಲೆ ಕೆಡಿಸಿಕೊಂಡಿದ್ದಾರೆಂದು ತಿಳಿಸಿದ ಮೊದಲ ಮನುಷ್ಯರು ತಾವೇ. ಹೊರಗೆ ಬಂದು ಪೂನಂ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ.

ನಮ್ಮದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಎಷ್ಟು ದೂರ ಕೂತು ನೋಡುತ್ತೀರೆಂದು ತಾವು ಕೇಳಿದಾಗ ನಾವು ಪೂನಂಳ ಕೋಣೆಯ ಲೆಕ್ಕ ಹಿಡಿದು ಎಂಟು ಅಡಿ ಎಂದೆವು. ಆದರೆ ನಮ್ಮ ಕೇರಿಯಲ್ಲಿ ಮದುವೆಯಿರಲಿ, ಮಣ್ಣಿರಲಿ, ಯಾರಾದರೂ ಕೋಣೆಯೊಳಗೆ ಕೂತದ್ದುಂಟೇ? ಓಟದ ದಿನ ನಾಲ್ವರು ಸೇರಿ, ತುಂಬಿದ ಕಣಜ ಎತ್ತಿದಂತೆ ಏದುಸಿರು ಬಿಡುತ್ತ, ತಮ್ಮ ಪ್ಲಾಸ್ಮಾವನ್ನು ಜಗಲಿಗೆ ತಂದಿಟ್ಟರು. ಅಂಗಳದಲ್ಲಿ ಅರವತ್ತು ಜನ. ಮಧ್ಯಾಹ್ನ ಮೂರರ ಬಿಸಿಲು ಗಾಜಿಗೆ ಬಿದ್ದದ್ದೇ ತಡ, ಓಟದ ಮೈದಾನ ಮಾಯವಾಗಿ ನಮ್ಮದೇ ಅರವತ್ತು ಮುಖಗಳು ಅದರಲ್ಲಿ ಪ್ರತ್ಯಕ್ಷವಾದವು. "ಏ, ನಾ ಟಿವಿಯೊಳಗ ಬಂದೇನಿ ನೋಡ್ರೋ!" ಎಂದು ಹಿರಿಯ ಬಾಬಾಜಿ ಮೀಸೆ ತಿರುವಿದರು. ತಾಡಪತ್ರಿ ತಂದು ಜಗಲಿಗೆ ಅಡ್ಡ ಕಟ್ಟಿದ ಮೇಲೆ ಗಾಜಿನೊಳಗಿನ ನಾವು ಕರಗಿದೆವು, ಚಿತ್ರ ಮೂಡಿತು. ಆದರೆ ನಲವತ್ತು ಅಡಿ ದೂರದಿಂದ ನೋಡುವ ಕಣ್ಣಿಗೆ ಎಂಟು ಲಕ್ಷವೇನು, ಇಪ್ಪತ್ತು ಲಕ್ಷವೇನು? ಮೇಲಾಗಿ ಡಿಶ್‌ನಿಂದ ಬರುವ ಚಿತ್ರವೇ ಹಳೇ ಕಾಲದ ಕಡಿಮೆ ಚುಕ್ಕೆಯ ಚಿತ್ರವಂತೆ, ಟಿವಿಯ ಚುಕ್ಕೆ ಹೆಚ್ಚಿದ್ದರೂ ಅದು ಹೆಚ್ಚೇನೂ ಸ್ಪಷ್ಟವಾಗುವುದಿಲ್ಲವಂತೆ. ಇದನ್ನು ತಾವು ಹೇಳಲಿಲ್ಲ, ಡಿಶ್ ಕೂರಿಸಲು ಬಂದವನು ಏಣಿ ಇಳಿಯುತ್ತ ಹೇಳಿದ.

ಆದರೂ ಜೆಸ್ಸಿಕಾ ಕಂಡಳು. ಬೆವರು ಕಾಣಲಿಲ್ಲ, ಮೂಗು ಬಾಯಿ ಬೇರೆ ಬೇರೆ ಕಾಣಲಿಲ್ಲ, ಆದರೆ ಓಟ ಕಂಡಿತು. ಕೊನೆಯ ಸುತ್ತಿನಲ್ಲಿ ಐದನೆಯವಳಾಗಿದ್ದವಳು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದು ಎಲ್ಲರಿಗಿಂತ ಮೊದಲು ಗೆರೆ ದಾಟಿದಾಗ ಪೂನಂ ಎದ್ದು ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾವು ಕೂಗಿದೆವು. ನಮ್ಮ ಡಮಾಮಿ ಡೋಲು ಬಡಿಯುವವರು ಬಡಿಯಲು ಕೈ ಎತ್ತಿದ್ದರು.

ಆಗ ಟಿವಿಯೊಳಗಿನ ಮಹನೀಯರು ಬಾಯಿ ತೆರೆದರು. ಹಿಂದಿಯಲ್ಲಿ ವಿವರಣೆ ಕೊಡುತ್ತಿದ್ದ ಆ ಪಂಡಿತರು ಬಹಳ ಸಂತೋಷದಿಂದ, ಈ ಹುಡುಗಿ ನಮ್ಮ ದೇಶದವಳಂತೆ ಕಾಣುವುದಿಲ್ಲ, ಯಾವ ದೇಶದಿಂದ ಕರೆಸಿದ್ದಾರೋ ಎಂದರು. ಪಕ್ಕದವರು ನಕ್ಕರು. ಜೆಸ್ಸಿಕಾಳ ಎದೆಯ ಮೇಲೆ ಕರ್ನಾಟಕ ಎಂದು ಬರೆದಿತ್ತು, ಅವರ ಮುಂದಿನ ಕಾಗದದಲ್ಲಿ ಅವಳ ಹೆಸರೂ ರಾಜ್ಯವೂ ಇದ್ದಿರಲೇಬೇಕು. ನಮ್ಮ ಸಿದ್ದಿ ಹಿರಿಯರು ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಸಿ ನೂರಾರು ವರ್ಷವಾಯಿತೆಂಬುದು ಮಾತ್ರ ಆ ಕಾಗದದಲ್ಲಿ ಇರಲಿಲ್ಲವೇನೋ. ಡಮಾಮಿಗೆ ಎತ್ತಿದ ಕೈ ಹಾಗೇ ಇಳಿಯಿತು. ಆರು ವರ್ಷ ಕಾದು ಮಗಳ ಓಟ ನೋಡಿದ ಪೂನಂ, "ಏನಂದ್ರು ಅವ್ರು? ಗಂಗೂ, ಏನಂದ್ರು?" ಎಂದು ನನ್ನ ತೋಳು ಹಿಡಿದು ಅಲುಗಿಸಿದಳು. ಅವಳಿಗೆ ಹಿಂದಿ ಬಾರದು. ನನಗೆ ಬರುತ್ತದೆ, ಆ ದಿನ ಯಾಕಾದರೂ ಕಲಿತೆನೋ ಅನ್ನಿಸಿತು. ಹೇಳಿದೆ. ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ಈಗ ನನ್ನ ಅಹವಾಲು. ಹೆಚ್ಚು ಚುಕ್ಕೆಯಿದ್ದರೆ ಹೆಚ್ಚು ಕಾಣುತ್ತದೆಂಬುದು ತಮ್ಮ ಸಿದ್ಧಾಂತವಷ್ಟೇ? ಆ ಮಹನೀಯರ ಮುಂದೆ ದೇಶದಲ್ಲೇ ಉತ್ತಮವಾದ ಟಿವಿ ಇದ್ದಿರಬೇಕು, ಕೂತದ್ದೂ ಎರಡೇ ಅಡಿ ದೂರದಲ್ಲಿ ಇರಬೇಕು, ಬಿಸಿಲಿಲ್ಲ, ತಾಡಪತ್ರಿಯಿಲ್ಲ. ಅವರಿಗೆ ಕಾಣದ್ದು ಯಾಕೆ ಎಂದು ದಯವಿಟ್ಟು ತಮ್ಮ ಕಂಪನಿಯವರನ್ನು ಕೇಳಿ ತಿಳಿಸಬೇಕು. ಟಿವಿಗೆ ಬದಲಾಗಿ ನೋಡುವವರ ಕಣ್ಣಿಗೇ ಚುಕ್ಕೆ ಕೂರಿಸುವ ಮಾಲು ಬಂದರೆ ನಮ್ಮ ಸಂಘ ಮತ್ತೊಂದು ಠರಾವು ಮಾಡಿ ಒಂದು ಜೊತೆ ತರಿಸಿ ಅವರಿಗೆ ಉಡುಗೊರೆ ಕಳಿಸುತ್ತದೆ.

ಅದು ಆಗದಿದ್ದರೆ ಇದನ್ನಾದರೂ ಮಾಡಿ. ತಮ್ಮ ಅಂಗಡಿಯ ಎಲ್ಲ ಟಿವಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಣ್ಣ ಬಣ್ಣದ ಮೀನುಗಳು ಈಜುತ್ತಿರುತ್ತವೆ. ಅವು ಯಾವ ದೇಶದವೆಂದು ಇಂದಿನವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲ. ಆ ಮೀನುಗಳಿಗೆ ಒಂದು ದಿನ ರಜೆ ಕೊಟ್ಟು, ಜೆಸ್ಸಿಕಾಳ ಓಟವನ್ನು ಎಲ್ಲ ಟಿವಿಗಳಲ್ಲೂ, ಧ್ವನಿ ಬಂದ್ ಮಾಡಿ, ಹಾಕಬೇಕು. ಓಟದ ಸಿಡಿಯನ್ನು ಹಾಸ್ಟೆಲಿನಿಂದ ತರಿಸಿ, ಪೂನಂಳನ್ನೂ ನಾನೇ ಕರೆತರುತ್ತೇನೆ. ಬೆವರಿನ ಹನಿ ಎಣಿಸಬೇಕೆಂಬ ಆಸೆ ಅವಳಿಗಿನ್ನೂ ಹೋಗಿಲ್ಲ.

ಇಪ್ಪತ್ತು ಲಕ್ಷ ಚುಕ್ಕೆಗಳನ್ನು ಕೊಂಡೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗಂಗೂ ಸಿದ್ದಿ
ಕಾರ್ಯದರ್ಶಿ, ಮಹಿಳಾ ಸಂಘ

ತಾ.ಕ.: ಯಾವ ದೇಶ ಎಂದು ಕೇಳಿದ ಮಹನೀಯರ ವಿಳಾಸ ತಮಗೆ ಸಿಕ್ಕರೆ ತಿಳಿಸಿ, ದಂಡೇಲಿ ಬಸ್ಸು ಹಿಡಿದು ಒಮ್ಮೆ ಬರಲಿ, ಪೂನಂಳೇ ಚಹಾ ಮಾಡಿ ಕೊಡುತ್ತಾಳೆ. ಎದುರಿಗೇ ಕೂರಿಸಿಕೊಳ್ಳುತ್ತೇವೆ. ಇಲ್ಲಿ ಕರೆಂಟು ಹೋಗುವುದು ಹೆಚ್ಚು, ಹೆದರುವ ಕಾರಣವಿಲ್ಲ, ಕರೆಂಟು ಹೋದರೂ ನಾವು ಕಾಣುತ್ತೇವೆ.