ಬಂದು ನೋಡಿಕೊಂಡು ಹೋಗುವ ಉದ್ಯಮದವರು

ವರ್ಷಕ್ಕೊಂದು ದಿನ ನನ್ನ ಬಿಪಿ ಏರುತ್ತೆ ಅಂತ ನಮ್ಮ ಮನೆಯವರಿಗೆ ಮೊದಲೇ ಗೊತ್ತಿರುತ್ತೆ. ಅವತ್ತು ಬೆಳಿಗ್ಗೆ ಅವರು ನನ್ನ ಹತ್ತಿರ ಕಾಫಿ ಕೂಡ ಕೇಳೋಲ್ಲ, ತಾವೇ ಮಾಡಿಕೊಂಡು ಕುಡಿದು, ನನಗೂ ಒಂದು ಲೋಟ ಇಟ್ಟು, ಮೆಲ್ಲಗೆ ಜಾಗ ಖಾಲಿ ಮಾಡ್ತಾರೆ. ಅದು ನಮ್ಮ ವಿಭಾಗಕ್ಕೆ ‘ಉದ್ಯಮ ಸಲಹಾ ಮಂಡಳಿ’ ಬರುವ ದಿನ. ಒಂದು ವರ್ಷವಾದರೂ ಏನೂ ಎಡವಟ್ಟಾಗದೆ ಸುಮ್ಮನೆ ಬಂದು ಹೋಗಿದ್ದಾರಾ ಅಂದರೆ, ಇಲ್ಲ.

ನಾನು ಕೆಜಿಎಫ್‌ಗೂ ಬಂಗಾರಪೇಟೆಗೂ ನಡುವೆ ಇರೋ ಒಂದು ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಎಂಸಿಎ ಮಕ್ಕಳಿಗೆ ಪಾಠ ಹೇಳೋ ಮೇಡಮ್ಮು. ಬೆಂಗಳೂರಿನ ಕಂಪನಿಗಳ ಮೂರು ನಾಲ್ಕು ಜನ ದೊಡ್ಡ ಮನುಷ್ಯರು ವರ್ಷಕ್ಕೊಂದು ಸಲ ಕಾರಲ್ಲಿ ಬರ್ತಾರೆ. ಮಕ್ಕಳಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅಂತ ನಮಗೆ ಹೇಳ್ತಾರೆ. ಹೇಳಿದ್ದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಯೋಳು ನಾನು. ಬರೆದು ಸಹಿ ಬಿತ್ತು ಅಂದರೆ ಮುಗೀತು, ಮುಂದಿನ ವರ್ಷದವರೆಗೆ ಅದೇ ಶಾಸನ.

ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಬರೆದೆ. ಈ ವರ್ಷ ಮಾತ್ರ ಸಭೆಗೆ ಹದಿನೈದು ದಿನ ಮುಂಚೆ ಅವರಿಂದ ಒಂದು ಕಾಗದ ಬಂತು: ಇನ್ನು ಮೇಲೆ ಕ್ಲಾಸು ಸಂಜೆ ಏಳರವರೆಗೆ ನಡೆಯಲಿ. ಓದಿ ನನಗೆ ಮೈಯೆಲ್ಲ ಉರಿದುಹೋಯ್ತು. ನಮ್ಮಲ್ಲಿ ಹದಿನಾಲ್ಕು ಹುಡುಗೀರು ನಾಲ್ಕೂಮುಕ್ಕಾಲಿನ ಹಳ್ಳಿ ಬಸ್ಸಿಗೆ ಹೋಗೋರು. ಅದು ತಪ್ಪಿದರೆ ಆ ಕಡೆಗೆ ಬೇರೆ ಬಸ್ಸಿಲ್ಲ. ಏಳು ಗಂಟೆ ಅಂತ ಪುಸ್ತಕದಲ್ಲಿ ಬರೆದರೆ ಆ ಹದಿನಾಲ್ಕೂ ಜನದ ಓದು ಅವತ್ತಿಗೇ ನಿಂತ ಹಾಗೆ. ಅದು ಏನಾಯ್ತು ಅಂತ ಕೊನೆಗೆ ಹೇಳ್ತೀನಿ. ಅದಕ್ಕೆ ಮುಂಚೆ, ಸಲಹೆ ಕೊಡೋ ಈ ಮಹಾನುಭಾವರು ಎಂಥವರು ಅಂತ ನಿಮಗೆ ಗೊತ್ತಾಗಬೇಕು.

೧. ಗುಡ್ಡದ ಮೇಲೆ ಫೋಟೋ

ಮಂಡಳಿಯ ಹಿರಿಯರೊಬ್ಬರಿದ್ದಾರೆ. ನಾವು ಬೆನ್ನ ಹಿಂದೆ ‘ದೊಡ್ಡ ಸಾಹೇಬರು’ ಅಂತೀವಿ. ಮೊದಲನೇ ಸಲ ಬಂದಾಗ ಕಾರಿಂದ ಇಳಿದವರು ಲ್ಯಾಬ್ ಎಲ್ಲಿ ಅಂತ ಕೇಳಲಿಲ್ಲ, ಮಕ್ಕಳು ಎಲ್ಲಿ ಅಂತಲೂ ಕೇಳಲಿಲ್ಲ. “ಮೊದಲು ಚಿನ್ನದ ಗಣಿ ತೋರಿಸಿ” ಅಂದರು.

ಗಣಿ ಮುಚ್ಚಿ ಎಷ್ಟೋ ಕಾಲವಾಯ್ತು ಸಾರ್ ಅಂದೆ. “ಪರವಾಗಿಲ್ಲ, ಸ್ವಲ್ಪನಾದರೂ ಚಿನ್ನ ಎಲ್ಲಿ ಕಾಣುತ್ತೆ?” ಅಂದರು. ನಮ್ಮ ತಾತ ಇಲ್ಲೇ ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ ನೆಲದಡಿ ಇಳಿದು ಎದೆಯಲ್ಲಿ ಧೂಳು ತುಂಬಿಕೊಂಡು ಸತ್ತವರು. ನನಗೆ ತಡೆಯೋಕಾಗಲಿಲ್ಲ. “ಬಂಗಾರಪೇಟೆ ಬಜಾರಲ್ಲಿ ಕಾಣುತ್ತೆ ಸಾರ್, ಸೇಟು ಅಂಗಡೀಲಿ” ಅಂದೆ. ಅವರು ನಕ್ಕರು. ಜೋಕು ಅಂದ್ಕೊಂಡರು.

ಕೊನೆಗೆ ನಮ್ಮ ಅಟೆಂಡರ್ ಅಣ್ಣನನ್ನು ಜೊತೆಗೆ ಕಳಿಸಿದ್ವಿ. ಕೋರಮಂಡಲ್ ಗಣಿ ಕಾರ್ಮಿಕರ ಲೈನಲ್ಲಿ ಹುಟ್ಟಿ ಬೆಳೆದ ತಮಿಳು ಮನುಷ್ಯ. ದಾರೀಲಿ ಒಂದು ದೊಡ್ಡ ಬೂದುಬಣ್ಣದ ಗುಡ್ಡ ಕಂಡಿದ್ದೇ ದೊಡ್ಡ ಸಾಹೇಬರು ಕಾರು ನಿಲ್ಲಿಸಿ, ಶೂ ಸಮೇತ ಮೇಲಕ್ಕೆ ಹತ್ತಿಬಿಟ್ಟರು. ಎರಡು ಕೈಯನ್ನೂ ಅಗಲ ಮಾಡಿ ಉಸಿರೆಳೆದುಕೊಂಡು, “ಆಹಾ, ಬೆಂಗಳೂರಲ್ಲಿ ಎಲ್ಲಿದೆ ಇಂಥ ಗಾಳಿ! ಫೋಟೋ ತೆಗೀರಿ” ಅಂದರಂತೆ.

ಅಟೆಂಡರ್ ಅಣ್ಣ ಫೋಟೋ ತೆಗೆದು, ಆಮೇಲೆ ಸಮಾಧಾನವಾಗಿ ಹೇಳಿದನಂತೆ: “ಸಾರ್, ಅದು ಬೆಟ್ಟ ಅಲ್ಲ ಸಾರ್. ಚಿನ್ನ ತೊಳೆದು ಬಿಟ್ಟ ಸೈನೈಡ್ ಮಣ್ಣು.”

ಹತ್ತೋಕೆ ಹತ್ತು ನಿಮಿಷ ತಗೊಂಡಿದ್ದವರು ಕೆಳಗೆ ಬಂದಿದ್ದು ಎರಡೇ ಹೆಜ್ಜೇಲಿ. ಆಮೇಲೆ ಸಭೆ ಕಾಯಿಸಿ ಅರ್ಧ ಗಂಟೆ ನಲ್ಲಿ ಹತ್ತಿರ ಕೈ ತೊಳೀತಾ ನಿಂತಿದ್ದರು. ಆ ಧೂಳು ತಿಂದುಕೊಂಡೇ ಊರಿಗೆ ಊರೇ ಬೆಳೆದಿದೆ, ಯಾರೂ ಒಂದು ಸೋಪು ಕೊಟ್ಟವರಿಲ್ಲ. ಅಟೆಂಡರ್ ಅಣ್ಣನನ್ನು ಆಮೇಲೆ ಕೇಳಿದೆ, “ಮೊದಲೇ ಹೇಳಬಾರದಿತ್ತಾ ಅಣ್ಣ?”

“ಉಸಿರು ಪೂರ್ತಿ ಎಳ್ಕೊಳ್ಳಲಿ ಅಂತ ಕಾದೆ ಮೇಡಂ” ಅಂದ.

೨. ಯಾರ್ರೀ ಅದನ್ನ ತೆಗೆದವರು?

ಅದರ ಮಾರನೇ ವರ್ಷ ದೊಡ್ಡ ಸಾಹೇಬರು ಸಿಲಬಸ್ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, “ಇನ್ನೂ ಜಾವಾ ಹೇಳಿಕೊಡ್ತಾ ಇದ್ದೀರಾ? ತೆಗೆದುಹಾಕಿ. ಪೈಥಾನ್ ಹಾಕಿ” ಅಂದರು. ಬರೆದೆ. ತೆಗೆದ್ವಿ. ನಾನು ಬೇಸಿಗೆ ರಜೆ ಪೂರ್ತಿ ಕೂತು ಹೊಸ ಪಾಠ ತಯಾರು ಮಾಡಿದೆ. ಹಿರಿಯ ಮಕ್ಕಳ ನೋಟ್ಸು ಕಿರಿಯ ಮಕ್ಕಳಿಗೆ ಉಪಯೋಗಕ್ಕೆ ಬರಲಿಲ್ಲ, ಎಲ್ಲ ಹೊಸದಾಗಿ ಜೆರಾಕ್ಸು.

ಅದಾದ ಮೇಲಿನ ವರ್ಷ ಅದೇ ಕುರ್ಚಿ, ಅದೇ ಸಾಹೇಬರು, ಅದೇ ಎರಡು ಬೆರಳು. “ಏನ್ರೀ ಇದು? ಜಾವಾನೇ ಇಲ್ಲ! ಯಾರ್ರೀ ಅದನ್ನ ತೆಗೆದವರು?”

“ನೀವೇ ಸಾರ್” ಅಂದೆ. ನಡಾವಳಿ ಪುಸ್ತಕ ತೆಗೆದು ಸಹಿ ತೋರಿಸಿದೆ.

ಅವರಿಗೆ ಒಂದು ಚೂರೂ ಮುಜುಗರ ಇಲ್ಲ. “ಆಗ ಹಾಗಿತ್ತು. ಈಗ ವಾಪಸ್ ಹಾಕಿ” ಅಂದರು. ಹಾಕಿದ್ವಿ.

ಆಮೇಲಿನ ವರ್ಷ ಬಂದು, “ಜಾವಾನೂ ಬೇಡ, ಪೈಥಾನೂ ಬೇಡ. ಕೋಡನ್ನೆಲ್ಲ ಇನ್ಮೇಲೆ ಎಐ ಬರೆಯುತ್ತೆ” ಅಂದರು. ನನ್ನ ತಾಳ್ಮೆ ಅಲ್ಲಿಗೆ ಮುಗೀತು. “ಹಾಗಾದರೆ ನಾನು ಮಕ್ಕಳಿಗೆ ಏನು ಕಲಿಸಲಿ ಸಾರ್, ರಂಗೋಲಿನಾ?” ಅಂದೆ.

“ಯೋಚನೆ ಮಾಡೋದು ಕಲಿಸಿ ಮೇಡಂ. ಯಾರು ಏನೇ ಹೇಳಿದರೂ ನಂಬದೆ, ಇದು ಸರಿನಾ ಅಂತ ಪ್ರಶ್ನೆ ಮಾಡೋದು ಕಲಿಸಿ.”

“ಅದನ್ನ ಪ್ರತಿ ವರ್ಷ ನೀವು ಹೋದ ಮೇಲೆ ಕಲಿಸ್ತಾನೇ ಇದ್ದೀನಿ ಸಾರ್” ಅಂದೆ.

೩. ಎರಡು ವಿಷಲ್

ಒಂದು ವರ್ಷ ಯಾರಿಗೂ ಬರೋಕೆ ಪುರುಸೊತ್ತಿಲ್ಲ ಅಂತ ಸಭೆ ಆನ್‌ಲೈನಲ್ಲೇ ನಡೀತು. ನಾಲ್ಕೂ ಜನದ ಕ್ಯಾಮೆರಾ ಬಂದ್. ನಾನು ಒಂದು ಗಂಟೆ ಗಂಟಲು ಹರಿಯೋ ಹಾಗೆ ಮಾತಾಡಿದೆ: ಲ್ಯಾಬಲ್ಲಿ ಮೂವತ್ತರಲ್ಲಿ ಹನ್ನೊಂದು ಕಂಪ್ಯೂಟರ್ ಕೆಟ್ಟಿವೆ, ಹಳೇವಾದರೂ ಸರಿ, ನಿಮ್ಮ ಕಂಪನಿಯಿಂದ ನಾಲ್ಕು ಕೊಡಿಸಿ ಅಂತ. ಆ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ.

“ಸಾರ್, ತಮ್ಮ ಅಭಿಪ್ರಾಯ?” ಅಂತ ನಮ್ಮ ವಿಭಾಗದ ಮುಖ್ಯಸ್ಥರು ಕೈಮುಗಿಯೋ ದನೀಲಿ ಕೇಳಿದರು. ಆಗ ಒಬ್ಬರ ಕಡೆಯಿಂದ ಧ್ವನಿ ಬಂತು: “ಎರಡು ವಿಷಲ್ ಆದ್ಮೇಲೆ ಆಫ್ ಮಾಡು.”

ಆಮೇಲೆ ಲೈನು ಕಟ್ಟಾಯ್ತು. ನಾನು ಪುಸ್ತಕದಲ್ಲಿ ಬರೆದೆ: ಕಂಪ್ಯೂಟರ್ ಬೇಡಿಕೆ ಕುರಿತು ಮಾನ್ಯ ಸದಸ್ಯರು ಎರಡು ವಿಷಲ್‌ವರೆಗೆ ಕಾಯಲು ಸೂಚಿಸಿದರು. ಅದರ ಕೆಳಗೂ ನಾಲ್ಕು ಜನ ಸಹಿ ಹಾಕಿ ಕಳಿಸಿದ್ದಾರೆ, ಬೇಕಾದರೆ ಬಂದು ನೋಡಿ.

೪. ಐದು ವರ್ಷ ಆದ ಮೇಲೆ

ಹೋದ ವರ್ಷ ದೊಡ್ಡ ಸಾಹೇಬರಿಗೆ ಹೊಸ ಹುರುಪು. ಮಕ್ಕಳಿಗೆ ಮಾತಿನ ಕಲೆ ಇಲ್ಲ, ಸಂದರ್ಶನ ಹೇಗಿರುತ್ತೆ ಅಂತ ನಾನೇ ತೋರಿಸ್ತೀನಿ, ಯಾರನ್ನಾದರೂ ಕರೀರಿ ಅಂದರು. ಬಂಗಾರಪೇಟೆ ಆಚೆಯ ಹಳ್ಳಿಯಿಂದ ಬರೋ ಒಬ್ಬ ಹುಡುಗೀನ ಕರೆದೆ. ಬೆಳಿಗ್ಗೆ ಎದ್ದು ಎರಡು ಹಸುವಿನ ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಬಸ್ಸು ಹತ್ತಿ ಬರೋ ಮಗು. ಮನೇಲಿ ತೆಲುಗು, ಬಸ್ಸಲ್ಲಿ ಕನ್ನಡ, ಆಂಡರ್ಸನ್‌ಪೇಟೆ ಅಂಗಡೀಲಿ ತಮಿಳು, ಸಂತೇಲಿ ಉರ್ದುವಿನಲ್ಲೂ ಚೌಕಾಸಿ ಮಾಡ್ತಾಳೆ. ಇವಳಿಗೆ ಮಾತಿನ ಕಲೆ ಇಲ್ಲವಂತೆ!

ಸಾಹೇಬರು ಕಾಲ ಮೇಲೆ ಕಾಲು ಹಾಕಿ ಇಂಗ್ಲಿಷಲ್ಲಿ ಕೇಳಿದರು, “ಐದು ವರ್ಷ ಆದ ಮೇಲೆ ನೀನು ಎಲ್ಲಿರಬೇಕು ಅಂತ ಆಸೆ?”

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, ನಿಧಾನವಾಗಿ, ತಪ್ಪಿಲ್ಲದ ಇಂಗ್ಲಿಷಲ್ಲೇ ಹೇಳಿದಳು: “ನಿಮ್ಮ ಥರ ಸಲಹಾ ಮಂಡಳಿಯಲ್ಲಿ, ಸಾರ್.”

ಸಾಹೇಬರು ಉಬ್ಬಿಹೋದರು. “ವೆರಿ ಗುಡ್! ಯಾಕೆ?”

“ವರ್ಷಕ್ಕೆ ಒಂದೇ ದಿನ ಕೆಲಸ, ಸಾರ್.”

ಪಾಪ, ಅವಳು ತಮಾಷೆ ಮಾಡಿದ್ದಲ್ಲ. ಮಿಕ್ಕ ದಿನ ಹಸು ನೋಡಿಕೋಬಹುದು ಅಂತ ನಿಜವಾಗಿ ಲೆಕ್ಕ ಹಾಕಿದ್ದಳು.

೫. ಮಾತಾಡದವರು ಬೇಕು

ಈಗ ಈ ವರ್ಷದ ವಿಷಯಕ್ಕೆ ಬರ್ತೀನಿ. ಏಳು ಗಂಟೆಯ ಕಾಗದ ಹಿಡಿದುಕೊಂಡು ಮುಖ್ಯಸ್ಥರ ಕೊಠಡಿಗೆ ನುಗ್ಗಿದೆ. “ಸಾರ್, ಹದಿನಾಲ್ಕು ಜನ ಹುಡುಗೀರು ಓದು ಬಿಡ್ತಾರೆ. ಇದನ್ನ ನಾನು ಬರೆಯೋಲ್ಲ” ಅಂದೆ. ಅವರು ಒಳ್ಳೆಯವರೇ, ಆದರೆ ಸೂಟು ಹಾಕಿದವರನ್ನು ಕಂಡರೆ ಎದ್ದು ನಿಲ್ಲೋ ಅಭ್ಯಾಸ. “ದೊಡ್ಡವರು ಹೇಳಿದಾರಲ್ಲ ಮೇಡಂ, ಬೇಡ ಅನ್ನೋಕಾಗುತ್ತಾ?” ಅಂದರು. ಆಮೇಲೆ ನೆನಪಾದವರ ಥರ, “ಹಾಂ, ಈ ಸಲ ಪೋಷಕರ ಪ್ರತಿನಿಧಿ ಒಬ್ಬರು ಇರಲೇಬೇಕಂತೆ, ನಿಯಮ ಬಂದಿದೆ. ಯಾರನ್ನಾದರೂ ತಂದು ಕೂರಿಸಿ. ಮಾತಾಡದವರು ಆದರೆ ಒಳ್ಳೇದು” ಅಂದರು.

ಆ ಹಸುವಿನ ಹುಡುಗೀನ ಕರೆದು ಕೇಳಿದೆ. “ನಮ್ಮಮ್ಮ ಮಾತೇ ಆಡಲ್ಲ ಮೇಡಂ” ಅಂದಳು. ಸರಿ, ಕರ್ಕೊಂಡು ಬಾ ಅಂದೆ.

ಸಭೆ ದಿನ ಅವಳ ಅಮ್ಮ ಬೆಳಗಿನ ಹಾಲು ಹಾಕಿ, ಮಡಿಚಿಟ್ಟ ಸೀರೆ ಉಟ್ಟು, ಒಂದು ಬಟ್ಟೆ ಚೀಲ ತೊಡೆ ಮೇಲೆ ಇಟ್ಟುಕೊಂಡು ಕೊನೇ ಕುರ್ಚೀಲಿ ಕೂತರು. ಎರಡು ಗಂಟೆ ತುಟಿ ಬಿಚ್ಚಲಿಲ್ಲ. ಕ್ರಮದ ಪ್ರಕಾರ ಹಿಂದಿನ ಸಭೆಗಳ ನಿರ್ಣಯ ನಾನು ಓದಿದೆ: ಜಾವಾ ತೆಗೆದಿದ್ದು, ಹಾಕಿದ್ದು, ಮತ್ತೆ ತೆಗೆದಿದ್ದು, ಮಾತಿನ ಕಲೆ, ಎಲ್ಲ. ಆಮೇಲೆ ದೊಡ್ಡ ಸಾಹೇಬರು, “ಮಕ್ಕಳು ಏಳರವರೆಗೆ ಕೂತು ಪಳಗಿದರೇನೇ ಉದ್ಯಮಕ್ಕೆ ಒಗ್ಗೋದು. ಇದನ್ನ ಒಪ್ಪಿದ ಹಾಗೆ ಬರ್ಕೊಳ್ಳಿ” ಅಂದರು. ನನ್ನ ಪೆನ್ನು ಏಳಲಿಲ್ಲ. ಮುಖ್ಯಸ್ಥರು ಟೇಬಲ್ ಕೆಳಗೆ ಕೈ ಆಡಿಸಿ ಬರೀರಿ ಬರೀರಿ ಅಂತ ಸನ್ನೆ ಮಾಡ್ತಾ ಇದ್ದರು. ಆಮೇಲೆ ಬರೀ ಶಾಸ್ತ್ರಕ್ಕೆ ಆಯಮ್ಮನ ಕಡೆ ತಿರುಗಿ, “ಏನಮ್ಮ, ನಿಮ್ಮದೇನಾದರೂ ಇದೆಯಾ?” ಅಂದರು.

“ಒಂದ್ ಮಾತು ಕೇಳ್ಲಾ ಸಾಮಿ?” ಅಂದರು ಆಯಮ್ಮ. ನನ್ನ ಕಡೆ ನೋಡಿದರು. “ಇವ್ರು ಏಳಿದ್ದೆಲ್ಲಾ ನೀವು ಮಾಡುದ್ರಾ ಮೇಡಮ್ಮಾರೆ?”

“ಎಲ್ಲಾ ಮಾಡಿದ್ವಮ್ಮ.”

“ಆಮೇಲೆ ಇವ್ರು ನಮ್ ಮಕ್ಳುನ್ನ ಎಷ್ಟ್ ಜನುನ್ನ ಕೆಲ್ಸಕ್ಕೆ ಕರ್ಕೊಂಡ್ ಓದ್ರು?”

ಮುಖ್ಯಸ್ಥರು ನೀರು ಕುಡಿದರು. ಇಷ್ಟು ವರ್ಷ ಅದೇ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೀನಿ, ಎಷ್ಟೆಲ್ಲ ಕೊಂಕು ಮಾತಾಡಿದ್ದೀನಿ, ಈ ಒಂದು ಪ್ರಶ್ನೆ ಕೇಳೋಕೆ ನನ್ನ ಬಾಯಿಗೆ ಏನಾಗಿತ್ತು? ಅವರ ಮೇಲಿದ್ದ ಸಿಟ್ಟೆಲ್ಲ ಒಂದು ಗಳಿಗೆ ನನ್ನ ಮೇಲೇ ತಿರುಗಿತು. “ಒಬ್ಬರನ್ನೂ ಇಲ್ಲಮ್ಮ” ಅಂದೆ. ಜೋರಾಗೇ ಅಂದೆ.

ಆಯಮ್ಮ ತಲೆ ಅಲ್ಲಾಡಿಸಿದರು. “ನಮ್ ದೊಡ್ ಉಡ್ಗೀನ ನೋಡೋಕೆ ಒಂದ್ ಮನೆಯೋರು ಇಂಗೇ ಬರೋರು ಸಾಮಿ. ಕಾರಲ್ಲೇ ಬರೋರು. ಒಂದ್ಸಲ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು, ಉಡ್ಗಿ ಒಲಿಗೆ ಕಲೀಲಿ, ಬಟ್ಟೆ ಒಲ್ಯೋದ್ ಬರ್ಬೇಕು ಅಂದ್ರು. ಕಲಿಸ್ದೊ. ಇನ್ನೊಂದ್ಸಲ ಬಂದು ತಿಂದು, ಒಲಿಗೆ ಯಾತಕ್ಕೆ, ಇಂಗ್ಲೀಸ್ ಕಲೀಲಿ ಅಂದ್ರು. ಅದುನ್ನೂ ಕಲಿಸ್ದೊ. ಮೂರನೇ ಸಲ ಬಂದು ತಿಂದು ಕೈ ತೊಳ್ಕೊಂಬೇಕಾದ್ರೆ ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತು ಕೇಳಿದ್ಲು: ಉಡ್ಗಿ ಒಪ್ಪಿಗೆನೋ, ಉಪ್ಪಿಟ್ಟು ಒಪ್ಪಿಗೆನೋ, ಏಳ್ಬುಟ್ಟು ಓಗಿ ಅಂತ.”

ಹಾಗಂದು ದೊಡ್ಡ ಸಾಹೇಬರ ಮುಖ ನೋಡಿದರು. “ನಾನೂ ಅದೇ ಕೇಳ್ತಿದೀನಿ. ಏಳ್ ಗಂಟೆಗಂಟ ಕೂತ್ರೆ ಕೆಲ್ಸ ಕೊಡ್ತೀರಾ? ಕೊಡ್ತೀರಿ ಅಂದ್ರೆ ನನ್ ಎರಡ್ ಅಸೂನೂ ಮಾರಿ ಮಗ್ಳುನ್ನ ಇಲ್ಲೇ ಆಸ್ಟೆಲ್ಲಲ್ಲಿ ಇಡ್ತೀನಿ. ಇಲ್ಲ ಅಂದ್ರೆ ಉಡ್ಗೀರ ಬಸ್ ಯಾಕ್ ತಪ್ಪಿಸ್ತೀರಾ?”

ದೊಡ್ಡ ಸಾಹೇಬರು ಟೈ ಸಡಿಲ ಮಾಡಿಕೊಂಡರು. ಪಕ್ಕದವರ ಮುಖ ನೋಡಿದರು, ಅವರು ಮೊಬೈಲ್ ನೋಡ್ತಾ ಇದ್ದರು. ಕೊನೆಗೆ ಬಾಯಿ ಬಿಟ್ಟರು, ಪಾಪ, ಏನು ಹೇಳ್ತಾ ಇದ್ದೀನಿ ಅನ್ನೋ ಪರಿವೆಯೇ ಇಲ್ಲದೆ:

“ಅದು... ನೋಡೋಣಮ್ಮ. ಬೆಂಗಳೂರಿಗೆ ಹೋಗಿ ತಿಳಿಸ್ತೀವಿ.”

ಮೊದಲು ನಕ್ಕಿದ್ದು ಅಟೆಂಡರ್ ಅಣ್ಣ, ಬಾಗಿಲಲ್ಲಿ ನಿಂತಿದ್ದವನು. ಆಮೇಲೆ ನಾನು. ಆಮೇಲೆ ಮೊಬೈಲ್ ನೋಡ್ತಿದ್ದ ಸದಸ್ಯರೂ. ಜನ್ಮದಲ್ಲಿ ಸಭೇಲಿ ನಗದ ನಮ್ಮ ಮುಖ್ಯಸ್ಥರು ಕರ್ಚೀಫು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸ್ತಾ, “ಮೇಡಂ, ಕ್ಲಾಸಿನ ಸಮಯ ಈಗಿರೋ ಹಾಗೇ ಇರಲಿ ಅಂತ ಬರೆದುಬಿಡಿ” ಅಂದರು. ಅವರ ಮನಸ್ಸು ಬದಲಾಗೋದ್ರೊಳಗೆ ಬರೆದೆ. ದೊಡ್ಡ ಸಾಹೇಬರು ತಲೆ ಎತ್ತದೆ ಸಹಿ ಹಾಕಿದರು.

ನಗದೇ ಇದ್ದವರು ಆಯಮ್ಮ ಒಬ್ಬರೇ. ಅಷ್ಟೊತ್ತಿಗೆ ಬಸ್ಸಿನ ಟೈಮು. ಚೀಲ ಎತ್ತಿಕೊಂಡು, ಸೆರಗು ಸರಿ ಮಾಡಿಕೊಂಡು ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು, ದೊಡ್ಡ ಸಾಹೇಬರಿಗೆ ಸಮಾಧಾನ ಮಾಡೋ ಥರ ಹೇಳಿದರು:

“ನಿದಾನ್ಕೇ ತಿಳ್ಸಿ ಸಾಮಿ, ಅವಸ್ರ ಇಲ್ಲ. ಅವ್ರೂ ಊರಿಗೋಗಿ ತಿಳಿಸ್ತೀವಿ ಅಂದಿದ್ರು. ನಮ್ ಉಡ್ಗೀಗೆ ಬೇರೆ ಕಡೆ ಮದ್ವೆ ಆಗಿ ಎರಡ್ ಮಕ್ಳಾದೋ, ಅವ್ರು ಇನ್ನೂ ತಿಳ್ಸಿಲ್ಲ.”