ರಂಗೋಲಿ ಹೆಜ್ಜೆಯ ಫಾಕ್ಸ್‌ಟ್ರಾಟ್

ಅಮೆರಿಕದ ಹೋಬೋಕನ್ನಿನಲ್ಲಿ ವರ್ಷವಿಡೀ ಗೋಕುಲಾಷ್ಟಮಿ ನಡೆಯುತ್ತಿದ್ದುದು ನನ್ನ ಸೋದರಮಾವನ ಮನೆಯೊಂದರಲ್ಲೇ! ಹಾಗೆಂದು ಅವರನ್ನು ಪರಮಭಕ್ತರೆಂದು ತಿಳಿದೀರಿ, ಜೋಕೆ.

ಎಪ್ಪತ್ತರ ದಶಕ. ಓದಲು ಬಂದ ನಾನು ಅವರ ಮನೆಯಲ್ಲೇ ಇದ್ದೆ. ಊರೆಲ್ಲ ಡಿಸ್ಕೋ ಎಂದು ಕುಣಿಯುತ್ತಿದ್ದಾಗ ಮಾವನಿಗೆ ಹಿಡಿದದ್ದು ಫಾಕ್ಸ್‌ಟ್ರಾಟ್ ಹುಚ್ಚು, ಜಾಝ್ ಕಾಲದಲ್ಲಿ ಇಲ್ಲಿನ ಅಜ್ಜ-ಅಜ್ಜಿಯರು ಜೋಡಿಯಾಗಿ ಕುಣಿದು ಬಿಟ್ಟದ್ದು! ಯಾವುದೋ ಹಳೆಯ ಪುಸ್ತಕದಲ್ಲಿ ಹೆಜ್ಜೆಗಳ ಚಿತ್ರವಿತ್ತು. ಅದನ್ನು ನೋಡಿಕೊಂಡು, ಅತ್ತೆ ಮೈಸೂರಿನಿಂದ ತಂದಿದ್ದ ರಂಗೋಲಿ ಪುಡಿಯಲ್ಲಿ ಹಾಲ್‌ನ ತುಂಬ ಪಾದ ಬರೆಯುವರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಇಲ್ಲದ ಜೊತೆಗಾತಿಯ ಸೊಂಟಕ್ಕೆ ಕೈಯಿಟ್ಟು, ಕಣ್ಣು ಮುಚ್ಚಿ, "ನಿಧಾನ... ನಿಧಾನ... ಬೇಗ-ಬೇಗ!" ಎನ್ನುತ್ತ ತೇಲುವರು. ಕಿಟಕಿಯಾಚೆ ಹಡ್ಸನ್ ನದಿಯೂ ಮಂಜಿನೊಳಗೆ ಅದೇ ಲಯದಲ್ಲಿ ಸಾಗಿದಂತೆ ನನಗೆ ಭಾಸವಾಗುತ್ತಿತ್ತು.

ಒಮ್ಮೆ ಈಸ್ಟ್ ಬ್ರನ್ಸ್‌ವಿಕ್‌ನಿಂದ ಬಂದ ಆಂಟಿಯೊಬ್ಬರು ಬಾಗಿಲಲ್ಲೇ ನಿಂತು ಪಾದಗಳಿಗೆ ಕೈಮುಗಿದರು.

"ಕೃಷ್ಣನ ಪಾದ ಇಷ್ಟು ದೊಡ್ಡದಾ? ಅದ್ಯಾಕೆ, ದೇವರ ಮನೆಗೆ ಹೋಗದೆ ಸೋಫಾನೇ ಸುತ್ತಿದಾನೆ?"

"ಬೆಣ್ಣೆ ಹುಡುಕ್ತಿದಾನೆ ಆಂಟಿ," ಎಂದೆ.

ಚಕ್ಕುಲಿಗೆ ಕಾದು ಕುಳಿತವರಿಗೆ ಸಿಕ್ಕಿದ್ದು ಬಿಸ್ಕತ್ತು!

ಅತ್ತೆ ಮಾತ್ರ ನಗಲಿಲ್ಲ. ಮಾವ, "ಬಾರೇ, ಒಂದೇ ಒಂದ್ ಸುತ್ತು," ಎಂದರೆ, "ಸೊಂಟ ಹಿಡ್ಕೊಂಡು ಕುಣಿಯೋದಾ? ನಾಚಿಕೆ ಆಗಲ್ವಾ ನಿಮಗೆ!" ಎಂದು ಅಡುಗೆಮನೆ ಸೇರುವರು.

"ಈ ವಯಸ್ಸಲ್ಲಿ ನಿಮಗ್ಯಾಕೆ ಮಾವ ಈ ಪಾಡು?" ಎಂದು ಒಂದು ದಿನ ರೇಗಿಸಿದೆ.

ಮಾವ ಅಂಗೈಯ ಪುಡಿ ಒರೆಸಿಕೊಂಡರು. "ಮೈಸೂರಲ್ಲಿ ಅವಳು ನಕ್ಕರೆ ಎದುರುಮನೆಗೆ ಕೇಳ್ತಿತ್ತು ಕಣೋ. ಇಲ್ಲಿಗೆ ಬಂದ್ಮೇಲೆ ನಗೋದೇ ಬಿಟ್ಟಿದಾಳೆ. ಕುಣಿಯದಿದ್ರೆ ಬೇಡ, ನನ್ನ ನೋಡಿಯಾದ್ರೂ ನಗಲಿ ಅಂತ."

ನಾನು ರಂಗೋಲಿ ಡಬ್ಬಿ ಎತ್ತಿ ಅವರ ಕೈಗೆ ಕೊಟ್ಟೆ.

ಆ ಚಳಿಗಾಲ ಕೆಳಮನೆಯವರು, ತಲೆಯ ಮೇಲೆ ದಬದಬ ಸದ್ದೆಂದು ದೂರಿದರು. ಮಾವ ಅಂದೇ ಪಾದಗಳನ್ನೆಲ್ಲ ಒರೆಸಿಬಿಟ್ಟರು. ಮನೆ ತೀರ ಸಪ್ಪಗಾಯಿತು.

ಹಿಮ ಬೀಳುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ ಮಾವನೂ ನಾನೂ ಹಾಲು ತಂದು ಬಾಗಿಲು ತೆರೆದರೆ, ನೆಲದ ತುಂಬ ಮತ್ತೆ ಪಾದಗಳು! ಮಾವನ ದೊಡ್ಡ ಹೆಜ್ಜೆಗಳು, ಒಂದೂ ತಪ್ಪಿಲ್ಲ. ಅವುಗಳಿಗೆ ಎದುರಾಗಿ ಪುಟ್ಟ ಪಾದಗಳ ಇನ್ನೊಂದು ಸಾಲು. ಅಡುಗೆಮನೆಯಿಂದ ಅತ್ತೆ ಇಷ್ಟು ದಿನವೂ ಎಲ್ಲವನ್ನೂ ನೋಡುತ್ತಲೇ ಇದ್ದರಲ್ಲ! ಈಗ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಮೊದಲು ಪರದೆ ಎಳೀರಿ. ಇವನಿಗೆ ಆ ಕಡೆ ತಿರುಗು ಅನ್ನಿ."

ನಾನು ಗೋಡೆಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಅತ್ತೆಯ ದನಿ: "ನಿಧಾನ... ನಿಧಾನ..." ಬೇಗ-ಬೇಗ ಬರುವಷ್ಟರಲ್ಲಿ ಇಬ್ಬರೂ ದೊಪ್ಪನೆ ಸೋಫಾದ ಮೇಲೆ ಬಿದ್ದರು. ಆಮೇಲೆ ಕೇಳಿಸಿತು, ಎದುರುಮನೆಗೆ ಮುಟ್ಟುವಂಥ ಆ ನಗು.

ಕೆಳಮನೆಯವರು ಕೋಲಿನಿಂದ ತಮ್ಮ ಸೂರು ಕುಟ್ಟಿದರು. ಮಾವ ತಟ್ಟನೆ ಎದ್ದರೆಂದು ಕಾಣುತ್ತದೆ.

"ಕುಟ್ಟಿಕೊಳ್ಳಲಿ ಬಿಡಿ," ಎಂದರು ಅತ್ತೆ. "ಇನ್ನೊಂದ್ ಸುತ್ತು."